ಹರಿದ ಪುಸ್ತಕದ ಋಣ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಮಿತಿಯ ಮಿತ್ರರು ಮನೆಗೆ ಬಂದು ಕೇಳಿದಾಗ ನಾನು ಸಂತೋಷದಿಂದಲೇ ಒಪ್ಪಿಕೊಂಡೆ. ಶಾಲೆಯ ಆರಂಭದ ದಿನಗಳು, ಮುಳಿಹುಲ್ಲಿನ ಮಾಡು, ಊರವರು ತಲೆಹೊರೆಯಲ್ಲಿ ತಂದುಕೊಟ್ಟ ಕೆಂಪುಕಲ್ಲು, ಇವುಗಳ ಬಗ್ಗೆ ನಾನು ಬರೆಯುವೆನೆಂದು ಅವರು ನಿರೀಕ್ಷಿಸಿರಬಹುದು. ಆ ಚರಿತ್ರೆಯನ್ನು ಬರೆಯಲು ನನಗಿಂತ ಚೆನ್ನಾಗಿ ಬಲ್ಲವರಿದ್ದಾರೆ. ನಾನು ಹೇಳಹೊರಟಿರುವುದು ಎರಡು ಪುಸ್ತಕಗಳ ವಿಚಾರ. ಒಂದನ್ನು ಮೂವತ್ತರ ಹರೆಯದಲ್ಲಿ ಓದದೆಯೇ ಹರಿದು ಹಾಕಿದೆ. ಇನ್ನೊಂದನ್ನು ಎಪ್ಪತ್ತು ದಾಟಿದ ಮೇಲೆ ಶಬ್ದಕೋಶವನ್ನು ಪಕ್ಕದಲ್ಲಿಟ್ಟುಕೊಂಡು ಓದಿ ಮುಗಿಸಿದೆ. ಎರಡನೆಯದನ್ನು ಓದಿದ ಕಾರಣದಿಂದಲೇ ಮೊದಲನೆಯದರ ನಿಜಸಂಗತಿ ನನಗೆ ತಿಳಿದುಬಂತು.

ಎರಡನೆಯದರಿಂದಲೇ ಪ್ರಾರಂಭಿಸುತ್ತೇನೆ. ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ಒಂದು ಬೇಸಿಗೆ ರಜೆಯಲ್ಲಿ ಬೆಳ್ಳೂರಿಗೆ ಬಂದಾಗ ಚೀಲದಲ್ಲಿ ಒಂದು ಇಂಗ್ಲಿಷ್ ಕಾದಂಬರಿಯನ್ನು ತಂದಿದ್ದಳು. ಊಟಕ್ಕೆ ಕರೆದರೂ ಏಳದೆ, ಜಗಲಿಯ ಮೂಲೆಯಲ್ಲಿ ಕುಳಿತು ಅದನ್ನೇ ಓದುತ್ತಿದ್ದಳು. ಅದೇನೆಂದು ಕೇಳಿದ್ದಕ್ಕೆ, “ಅಜ್ಜ, ಇದು ನಿಮ್ಮ ಹಾಗಿನ ಒಬ್ಬರು ಮಾಷ್ಟ್ರ ಕಥೆ. ಮಕ್ಕಳೇ ಸೇರಿ ಅವರನ್ನು ಅಪಹರಿಸುತ್ತಾರೆ” ಎಂದು ತುಂಟನಗೆ ನಕ್ಕಳು. ನಾನೂ ನಕ್ಕೆ. ಆದರೆ ಆ ಮಾತು ಮನಸ್ಸಿನಲ್ಲಿ ಉಳಿಯಿತು. ನನ್ನ ಇಂಗ್ಲಿಷು ಕನ್ನಡ ಮಾಧ್ಯಮದ ಮೆಟ್ರಿಕ್ಯುಲೇಶನ್ನಿನ ಇಂಗ್ಲಿಷು. ಅವಳು ಓದಿ ಮುಗಿಸಿದ ಮೇಲೆ ಪುಸ್ತಕವನ್ನು ಕೇಳಿ ಪಡೆದು, ದಿನಕ್ಕೆ ನಾಲ್ಕೈದು ಪುಟಗಳಂತೆ ಓದಿದೆ. ತಿಳಿಯದ ಕಡೆ ಅವಳೇ ನನ್ನ ಗುರುವಾದಳು.

ಪುಸ್ತಕದ ಹೆಸರು ‘ಕಿಲ್ಲಿಂಗ್ ಮಿಸ್ಟರ್ ಗ್ರಿಫಿನ್’. ಅಮೆರಿಕದ ಲೋಯಿಸ್ ಡಂಕನ್ ಎಂಬ ಲೇಖಕಿ ಹದಿಹರೆಯದವರಿಗಾಗಿ ಬರೆದು 1978ರಲ್ಲಿ ಪ್ರಕಟಿಸಿದ ಕಾದಂಬರಿ ಅದು. ಗ್ರಿಫಿನ್ ಎಂಬವರು ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವ ಅಧ್ಯಾಪಕರು. ಬಹಳ ಶಿಸ್ತಿನವರು. ಒಳ್ಳೆಯ ಬರಹಕ್ಕೂ ಮೆಚ್ಚುಗೆಯ ಮಾತನ್ನಾಡಲು ಹಿಂಜರಿಯುವವರು. ಬೇರೆಯವರ ಪ್ರಬಂಧವನ್ನು ತನ್ನದೆಂದು ಒಪ್ಪಿಸಿ ಸಿಕ್ಕಿಬಿದ್ದ ಮಾರ್ಕ್ ಎಂಬ ಹುಡುಗನಿಗೆ ಅವರಿಂದ ಅವಮಾನವಾಗಿರುತ್ತದೆ. ಅವನು ಇನ್ನು ನಾಲ್ವರನ್ನು ಒಟ್ಟುಗೂಡಿಸುತ್ತಾನೆ. ಅವರಲ್ಲಿ ಸೂಸನ್ ಎಂಬ ಓದಿನಲ್ಲಿ ಮುಂದಿರುವ, ಯಾರೊಡನೆಯೂ ಹೆಚ್ಚು ಬೆರೆಯದ ಹುಡುಗಿಯೂ ಒಬ್ಬಳು. ತನ್ನನ್ನೂ ಗೆಳೆಯರು ಸೇರಿಸಿಕೊಂಡರಲ್ಲಾ ಎಂಬ ಸಂತೋಷದಲ್ಲಿ ಅವಳು ಒಪ್ಪಿಬಿಡುತ್ತಾಳೆ. ಮೇಷ್ಟ್ರನ್ನು ಕಟ್ಟಿ ಗುಡ್ಡಗಾಡಿಗೆ ಒಯ್ದು ಸ್ವಲ್ಪ ಹೆದರಿಸಿ ಬಿಡುವುದು, ಇಷ್ಟೇ ಅವರ ಯೋಜನೆ.

ಹೆದರಿಸಿದರೂ ಗ್ರಿಫಿನ್ ಅಂಗಲಾಚುವುದಿಲ್ಲ. ಅವರಿಗೆ ಹೃದ್ರೋಗವಿರುವುದು ಮಕ್ಕಳಿಗೆ ತಿಳಿದಿಲ್ಲ. ಗುಳಿಗೆಗಳು ಮಣ್ಣುಪಾಲಾಗುತ್ತವೆ. ರಾತ್ರಿ ಇಬ್ಬರಿಗೆ ಮನಸ್ಸು ತಡೆಯದೆ ಬಿಡಿಸಲೆಂದು ಮರಳಿ ಹೋದರೆ ಮೇಷ್ಟ್ರು ಸತ್ತುಹೋಗಿದ್ದಾರೆ. ಅಲ್ಲಿಂದ ಮುಂದೆ ಮುಚ್ಚಿಡುವುದೇ ಅವರ ಕೆಲಸವಾಗುತ್ತದೆ. ಹೆಣವನ್ನು ಹೂಳುತ್ತಾರೆ, ಕಾರನ್ನು ಸಾಗಿಸುತ್ತಾರೆ, ಮನೆಯಲ್ಲಿ ಸುಳ್ಳಾಡುತ್ತಾರೆ. ಸತ್ತವರ ಬೆರಳಿನ ಉಂಗುರವೊಂದರ ದೆಸೆಯಿಂದ ಒಬ್ಬ ಹುಡುಗನ ಅಜ್ಜಿಯ ಪ್ರಾಣವೂ ಹೋಗುತ್ತದೆ. ಮೊದಲನೆಯ ತಪ್ಪನ್ನು ಬಾಯಿಬಿಟ್ಟು ಹೇಳದ ಕಾರಣಕ್ಕಾಗಿ ಎರಡನೆಯದು, ಎರಡನೆಯದನ್ನು ಮರೆಮಾಡಲು ಮೂರನೆಯದು.

ಈ ಕಾದಂಬರಿಯನ್ನು ಮಕ್ಕಳ ಕೈಗೆ ಕೊಡಬಾರದೆಂದು ಅಮೆರಿಕದ ಹಲವು ಶಾಲೆಗಳಲ್ಲಿ ಪಾಲಕರು ಆಕ್ಷೇಪಿಸಿದ್ದುಂಟು. ಬರೆದ ಆ ತಾಯಿಯ ಬಾಳಿನಲ್ಲಿ ನಡೆದದ್ದು ಇನ್ನೂ ಕಠೋರ. 1989ರಲ್ಲಿ ಅವರ ಹದಿನೆಂಟು ವರ್ಷದ ಮಗಳನ್ನು ಯಾರೋ ಗುಂಡಿಕ್ಕಿ ಕೊಂದರು. ಕಲ್ಪನೆಯ ಕೊಲೆಗಳನ್ನು ಬರೆದ ಕೈಯಿಂದಲೇ ಅವರು 1992ರಲ್ಲಿ ಮಗಳ ಕೊಲೆಯ ಕುರಿತು ಪುಸ್ತಕವನ್ನು ಬರೆಯಬೇಕಾಯಿತು. 2016ರಲ್ಲಿ ಅವರು ತೀರಿಕೊಳ್ಳುವಾಗಲೂ ಆ ಕೊಲೆಯ ಒಗಟು ಬಿಡಿಸಿರಲಿಲ್ಲ.

ಪುಸ್ತಕವನ್ನು ಮುಚ್ಚಿಟ್ಟ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮೊಮ್ಮಗಳು ಆ ಮಕ್ಕಳಿಗಾಗಿ ಮರುಗಿದ್ದಳು. ನನಗಾದರೋ ಆ ಮೇಷ್ಟ್ರ ಕೊಠಡಿಯೊಳಗೆ ನಾನೇ ನಿಂತಿರುವಂತೆ ಕಂಡಿತು. ಏಕೆಂಬುದನ್ನು ಹೇಳಲು ನಾಲ್ಕು ದಶಕಗಳ ಹಿಂದಕ್ಕೆ ಹೋಗಬೇಕು.

1956ರ ನವೆಂಬರ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ಕಡೆಯ ಹಳ್ಳಿಗಳಲ್ಲಿ ಪಠ್ಯಪುಸ್ತಕದ ಹೊರತಾಗಿ ಕನ್ನಡ ಪುಸ್ತಕ ಸಿಗುವುದೇ ದುರ್ಲಭವಾಗಿತ್ತು. ಪುತ್ತೂರಿಗೆ ಹೋದವರು ವಾರಪತ್ರಿಕೆ ತಂದರೆ ಅದು ಹತ್ತು ಮನೆ ಸುತ್ತುತ್ತಿತ್ತು. ಇಂಥ ಬರಗಾಲದಲ್ಲಿ ಹುಡುಗರ ಕೈಗೆ ದಕ್ಕುತ್ತಿದ್ದುದು ಪತ್ತೇದಾರಿ ಕಾದಂಬರಿಗಳು. ಪೇಟೆಯ ಅಂಗಡಿಯಿಂದ ಬಾಡಿಗೆಗೆ ತಂದು, ರಕ್ಷಾಪುಟ ಹೋದರೂ ಬಿಡದೆ, ಒಬ್ಬರಿಂದ ಒಬ್ಬರಿಗೆ ದಾಟಿಸಿ ಓದುತ್ತಿದ್ದರು. ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮ’ನನ್ನು ಅರಿಯದ ಹುಡುಗನೇ ಇರಲಿಲ್ಲ. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ ಆ ಮಹನೀಯರು ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದು 2011ರಲ್ಲಿ ಕಾಲವಾದರು. ಕನ್ನಡದ ಅರಿಶಿನ ಕುಂಕುಮ ಬಣ್ಣದ ಬಾವುಟವನ್ನು ನಮಗೆ ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಗಳನ್ನು ಬರೆದವರೇ. ಗಡಿನಾಡಿನ ಎಷ್ಟೋ ಮಕ್ಕಳು ತಡವರಿಸದೆ ಕನ್ನಡ ಓದಲು ಕಲಿತದ್ದರಲ್ಲಿ ಈ ಪುಸ್ತಕಗಳ ಪಾಲು ನಮ್ಮ ಪಾಲಿಗಿಂತ ಕಡಿಮೆಯದೇನಲ್ಲ. ಇಂದು ಹೀಗೆ ಬರೆಯುತ್ತಿದ್ದೇನೆ. ಅಂದು ನನಗೆ ಅವು ಮಕ್ಕಳನ್ನು ಕೆಡಿಸುವ ವಿಷವಾಗಿ ಕಾಣುತ್ತಿದ್ದುವು.

ಯೋಚಿಸಿದರೆ ನಗು ಬರುತ್ತದೆ. ಅದೇ ಮಕ್ಕಳನ್ನು ಕರೆದುಕೊಂಡು ನಾವು ರಾತ್ರಿಯಿಡೀ ಬಯಲಾಟ ನೋಡುತ್ತಿದ್ದೆವು. ನಮ್ಮ ಕುಂಬಳೆ ಸೀಮೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಸಿದ್ಧವಾದ ‘ಪಂಚವಟಿ’ ಪ್ರಸಂಗದಲ್ಲಿ ಸನ್ಯಾಸಿ ವೇಷದ ರಾವಣ ಸೀತೆಯನ್ನು ಹೊತ್ತೊಯ್ಯುವುದನ್ನು ತಾಯಿಯ ಮಡಿಲಲ್ಲಿ ಕುಳಿತ ಮಗುವೂ ಕಣ್ಣರಳಿಸಿ ನೋಡುತ್ತಿತ್ತು. ಶೇಣಿ ಗೋಪಾಲಕೃಷ್ಣ ಭಟ್ಟರು ತಾಳಮದ್ದಳೆಯಲ್ಲಿ ರಾವಣನ ಒಳಗನ್ನು ಮಾತಿನಲ್ಲಿ ಬಿಚ್ಚಿಟ್ಟಾಗ ನಾವೆಲ್ಲ ತಲೆದೂಗಿದ್ದೇವೆ. ಅದನ್ನು ನೋಡಿ ಕೇಳಿ ಬೆಳ್ಳೂರಿನಲ್ಲಿ ಯಾರೂ ರಾವಣರಾಗಲಿಲ್ಲ. ಇನ್ನು ನಮ್ಮ ಜನ್ನ ಕವಿ 1230ರಲ್ಲಿ ಮುಗಿಸಿದ ‘ಅನಂತನಾಥ ಪುರಾಣ’ದಲ್ಲಿ ಅತಿಥಿಯಾಗಿ ಬಂದ ಚಂಡಶಾಸನ ಗೆಳೆಯನ ಮಡದಿ ಸುನಂದೆಯನ್ನೇ ಅಪಹರಿಸುತ್ತಾನೆ. ಗಂಡನದೆಂದು ನಂಬಿಸಿ ತೋರಿಸಿದ ಮಾಯೆಯ ತಲೆಯನ್ನು ಕಂಡು ಅವಳು ಪ್ರಾಣ ಬಿಟ್ಟಾಗ, ತಾನೂ ಅವಳ ಚಿತೆಯನ್ನೇರುತ್ತಾನೆ. ಅಪಹರಣ, ಅಪರಾಧ, ಅದರ ಉರಿ, ಎಲ್ಲವೂ ಅಲ್ಲಿವೆ. ಅದನ್ನು ಕಾವ್ಯವೆಂದು ಗೌರವಿಸಿದ ನಾನು, ಹುಡುಗನ ಕೈಯ ಬಾಡಿಗೆ ಪುಸ್ತಕವನ್ನು ಮಾತ್ರ ಕಸವೆಂದು ತೀರ್ಮಾನಿಸಿದ್ದೆ.

ಅದು 1980ರ ದಶಕದ ಆರಂಭದ ಒಂದು ಮಳೆಗಾಲ. ನಾನು ಆಗ ಏಳನೆಯ ತರಗತಿಯ ಅಧ್ಯಾಪಕ. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ಸಮಾಜ ಪಾಠದ ಪುಸ್ತಕದೊಳಗೆ ಪತ್ತೇದಾರಿ ಕಾದಂಬರಿಯನ್ನಿಟ್ಟುಕೊಂಡು ಓದುತ್ತಿದ್ದುದು ಕಣ್ಣಿಗೆ ಬಿತ್ತು. ಅವನ ತಾಯಿ ಬೀಡಿ ಕಟ್ಟಿ ಸಂಸಾರ ಸಾಗಿಸುತ್ತಿದ್ದರು. ಓದಿನಲ್ಲಿ ಸಾಧಾರಣನಾದರೂ ಕೈಬರಹ ಬಲು ಸುಂದರವಾಗಿತ್ತು. ಅದನ್ನು ನಾನು ಅವನಿಗೆ ಒಮ್ಮೆಯೂ ಹೇಳಿರಲಿಲ್ಲ.

ಅವನನ್ನು ಎದುರಿಗೆ ಕರೆದು, ಬೆತ್ತವನ್ನು ಮೇಜಿನ ಮೇಲಿಟ್ಟು, ಪುಸ್ತಕವನ್ನು ಅವನ ಕೈಗೇ ಕೊಟ್ಟು, “ಹರಿ” ಎಂದೆ. ಅವನು ಹರಿಯಲಿಲ್ಲ. ಮತ್ತೊಮ್ಮೆ ಹೇಳಿದೆ. ತಲೆ ತಗ್ಗಿಸಿಕೊಂಡೇ, “ಮಾಷ್ಟ್ರೇ, ಅದು ಬಾಡಿಗೆ ಪುಸ್ತಕ” ಎಂದ. ತರಗತಿಯಲ್ಲಿ ಯಾರೋ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ಕಿತ್ತುಕೊಂಡು ನಡುವೆ ಸೀಳಿದೆ. ಹಾಳೆಗಳನ್ನು ಅವನಿಂದಲೇ ಹೆಕ್ಕಿಸಿ ಕಿಟಿಕಿಯ ಹೊರಗೆ ಮಳೆಗೆ ಎಸೆಯಿಸಿದೆ. ಕೈಗೆ ಎರಡು ಪೆಟ್ಟನ್ನೂ ಕೊಟ್ಟೆ. ಆ ದಿನ ಸಂಜೆ ಮನೆಗೆ ಹೋಗುವಾಗ ಕರ್ತವ್ಯ ಮಾಡಿದೆನೆಂಬ ಸಮಾಧಾನವೇ ನನ್ನಲ್ಲಿತ್ತು.

ಅಂದು ನನ್ನ ಮನೆಗೆ ಹೋಗಬೇಕಾದರೆ ಅಡಿಕೆ ತೋಟದ ಕೆಳಗಿನ ತೋಡನ್ನು ದಾಟಬೇಕಿತ್ತು. ಮೂರು ಅಡಿಕೆ ಮರಗಳನ್ನು ಜೋಡಿಸಿದ ಸಂಕ. ಹಿಡಿದುಕೊಳ್ಳಲು ಒಂದು ಬಿದಿರು. ವಾರದ ಬಳಿಕ, ಆಟಿ ತಿಂಗಳ ಒಂದು ಮುಸ್ಸಂಜೆ, ಸಂಕದ ನಡುವೆ ತಲಪಿದಾಗ ಕೈಯಲ್ಲಿದ್ದ ಬಿದಿರು ಕಟ್ಟು ಕಳಚಿ ಬಂತು. ನಾನು ತುಂಬಿ ಹರಿಯುತ್ತಿದ್ದ ತೋಡಿಗೆ ಬಿದ್ದೆ. ಇಪ್ಪತ್ತು ಮಾರು ಕೆಳಗೆ ಕೇದಗೆಯ ಬೇರು ಕೈಗೆ ಸಿಕ್ಕಿದ್ದರಿಂದ ಬದುಕಿದೆ. ಕೊಡೆ, ಕನ್ನಡಕ ನೀರು ಪಾಲಾದುವು. ಬಲಗೈಯ ಮಣಿಗಂಟು ಮುರಿದು ನಲುವತ್ತು ದಿನ ಕಟ್ಟು ಹಾಕಿಸಿಕೊಳ್ಳಬೇಕಾಯಿತು. ಮರುದಿನ ಹೋಗಿ ನೋಡಿದ ನೆರೆಯವರು, ಬಳ್ಳಿ ಕಡಿದುದಲ್ಲ, ಯಾರೋ ಬಿಚ್ಚಿದ್ದು ಎಂದರು.

ಶಾಲೆಗೆ ಮರಳಿದ ದಿನ ನಾನು ಯಾರನ್ನೂ ಹೆಸರೆತ್ತಿ ದೂರಲಿಲ್ಲ. “ಇದನ್ನು ಮಾಡಿದವನಾರೆಂದು ನನಗೆ ಗೊತ್ತಿದೆ. ದೇವರು ನೋಡಿಕೊಳ್ಳುತ್ತಾನೆ” ಎಂದು ಹೇಳಿ ಹಿಂದಿನ ಬೆಂಚನ್ನು ದಿಟ್ಟಿಸಿದೆ. ನಲುವತ್ತು ಮಕ್ಕಳ ಕಣ್ಣುಗಳೂ ನನ್ನ ಕಣ್ಣನ್ನು ಹಿಂಬಾಲಿಸಿದುವು. ಆ ಹುಡುಗ ಒಮ್ಮೆ ತಲೆಯೆತ್ತಿ ನೋಡಿದ, ಮತ್ತೆ ತಗ್ಗಿಸಿದ. ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ. ಸೋದರಮಾವನೊಡನೆ ಮುಂಬಯಿಗೆ ಹೋಗಿ ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದನೆಂದು ಕೇಳಿದೆ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಗೆರೆ ಎಳೆದ ಕೈ ನನ್ನದೇ. ಓಡಿಹೋದದ್ದೇ ಅವನ ಅಪರಾಧಕ್ಕೆ ಸಾಕ್ಷಿಯೆಂದುಕೊಂಡೆ. ನರಸಿಂಹಯ್ಯನವರ ಪುರುಷೋತ್ತಮನನ್ನು ನಾನು ಓದಿದ್ದರೆ, ಮೊದಲು ಸಂಶಯ ಬಂದವನನ್ನೇ ಹಿಡಿದು ನಿಲ್ಲಿಸುವುದು ಪತ್ತೇದಾರಿಯಲ್ಲವೆಂದಾದರೂ ಕಲಿಯುತ್ತಿದ್ದೆನೇನೋ.

ಕಾಲ ಸರಿಯಿತು. ನಾನು ಮುಖ್ಯೋಪಾಧ್ಯಾಯನಾದೆ, ನಿವೃತ್ತನೂ ಆದೆ. ನಮ್ಮ ರಾಜ್ಯದಲ್ಲಿ ಗ್ರಂಥಾಲಯ ಚಳವಳಿಯ ಪಿ. ಎನ್. ಪಣಿಕ್ಕರ್ ಅವರು 1995ರ ಜೂನ್ 19ರಂದು ನಿಧನರಾದ ನೆನಪಿಗೆ ಪ್ರತಿ ವರ್ಷ ಅದೇ ದಿನ ಶಾಲೆಗಳಲ್ಲಿ ವಾಚನಾ ದಿನವನ್ನು ಆಚರಿಸುತ್ತಾರಷ್ಟೆ. ಗ್ರಿಫಿನ್ ಮೇಷ್ಟ್ರ ಕಥೆಯನ್ನು ಓದಿದ ವರ್ಷದ ವಾಚನಾ ದಿನಕ್ಕೆ ಎರಡು ಮಾತನಾಡಬೇಕೆಂದು ಶಾಲೆಯಿಂದ ಕರೆ ಬಂತು. ಗಾಂಧೀಜಿಯವರ ಆತ್ಮಕಥೆಯ ಬಗ್ಗೆ ಮಾತನಾಡುವುದೆಂದು ಹೊರಟವನು, ಮಕ್ಕಳ ಮುಖ ನೋಡಿದೊಡನೆ ಮನಸ್ಸು ಬದಲಿಸಿ ಗ್ರಿಫಿನ್ ಕಥೆಯನ್ನೇ ಹೇಳಿದೆ. ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ಹಿಂದೆ ಪಾಲಕರ ಸಾಲಿನಲ್ಲಿ ಕುಳಿತಿದ್ದ ಒಬ್ಬರು ನಡುವೆಯೇ ಎದ್ದು ಹೊರಗೆ ಹೋದುದನ್ನು ಗಮನಿಸಿದ್ದೆ.

ಮರುದಿನ ಸಂಜೆ ಅವರು ನನ್ನ ಮನೆಗೆ ಬಂದರು. ನನ್ನ ಹಳೆಯ ವಿದ್ಯಾರ್ಥಿ. ಅವರ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ, ಹೆಸರು ಬೇಡ. ಅದೇ ಏಳನೆಯ ತರಗತಿಯಲ್ಲಿ ಮೊದಲನೆಯ ಬೆಂಚಿನಲ್ಲಿ ಕುಳಿತು, ಪ್ರಾರ್ಥನೆಗೆ ಮುಂದಾಗಿ ನಿಲ್ಲುತ್ತಿದ್ದ, ನಾನು ಎಲ್ಲರಿಗೂ ಮಾದರಿಯೆಂದು ತೋರಿಸುತ್ತಿದ್ದ ಹುಡುಗ. ಈಗ ಅವರ ತಲೆಯೂ ನರೆತಿದೆ. ಕೊಟ್ಟ ಮಜ್ಜಿಗೆಯನ್ನು ಕುಡಿಯದೆ ಕೈಯಲ್ಲೇ ಹಿಡಿದುಕೊಂಡು, “ಮಾಷ್ಟ್ರೇ, ಸಂಕದ ಕಟ್ಟು ಬಿಚ್ಚಿದ್ದು ನಾನು” ಎಂದರು.

ನನಗೆ ಮಾತು ಹೊರಡಲಿಲ್ಲ. ಅವರು ಮುಂದುವರಿಸಿದರು. “ಪುಸ್ತಕವೂ ನಾನು ತಂದದ್ದು. ನಾನು ಓದಿ ಅವನಿಗೆ ಕೊಟ್ಟಿದ್ದೆ. ನೀವು ಹೊಡೆಯುವಾಗ ಅವನು ನನ್ನ ಹೆಸರು ಹೇಳಲಿಲ್ಲ. ನಾನೂ ಎದ್ದು ಹೇಳಲಿಲ್ಲ. ಅಂಗಡಿಯವನಿಗೆ ಹಣ ಕೊಟ್ಟದ್ದೂ ಅವನೇ, ಅವನ ಅಮ್ಮನ ಬೀಡಿಯ ಹಣ. ನನಗೆ ನನ್ನ ಮೇಲೆಯೇ ಸಿಟ್ಟು. ಅದನ್ನು ನಿಮ್ಮ ಮೇಲೆ ತೀರಿಸಿಕೊಂಡೆ. ಹೆದರಿಸಬೇಕೆಂದಷ್ಟೇ ಇತ್ತು ಮಾಷ್ಟ್ರೇ. ತೋಡು ಅಷ್ಟು ತುಂಬೀತೆಂದು ಗೊತ್ತಿರಲಿಲ್ಲ.”

ಹೆದರಿಸಬೇಕೆಂದಷ್ಟೇ! ಸಾವಿರಾರು ಮೈಲಿಗಳಾಚೆ ಒಬ್ಬ ಲೇಖಕಿ ಐವರು ಮಕ್ಕಳ ಬಾಯಲ್ಲಿಟ್ಟ ಮನೋಗತವನ್ನೇ ಬೆಳ್ಳೂರಿನ ನನ್ನ ಜಗಲಿಯಲ್ಲಿ ಕೇಳುತ್ತಿದ್ದೆ. ಕೇದಗೆಯ ಬೇರೊಂದು ಅಲ್ಲಿಲ್ಲದೆ ಹೋಗಿದ್ದರೆ ನಮ್ಮೂರಿನ ಕಥೆಯೂ ಅದೇ ಆಗುತ್ತಿತ್ತು. “ಇಷ್ಟು ವರ್ಷ ಯಾಕೆ ಹೇಳಲಿಲ್ಲ?” ಎಂದು ಕೇಳಿದೆ. “ಮೊದಲು ನಿಮ್ಮ ಬೆತ್ತದ ಹೆದರಿಕೆ. ಮತ್ತೆ ನೀವು ನನ್ನನ್ನು ಒಳ್ಳೆಯವನೆಂದು ಹೇಳುತ್ತಿದ್ದಿರಲ್ಲ, ಅದನ್ನು ಕಳಕೊಳ್ಳುವ ಹೆದರಿಕೆ” ಎಂದರು. ಬೆತ್ತದ ಮಾತನ್ನು ನಿರೀಕ್ಷಿಸಿದ್ದೆ. ಎರಡನೆಯ ಮಾತು ನನ್ನನ್ನು ಹೆಚ್ಚು ಕಾಡಿತು. ಒಬ್ಬ ಮಗುವನ್ನು ಕೆಟ್ಟವನೆಂದು ಮುದ್ರೆಯೊತ್ತಿ ಓಡಿಸಿದೆ. ಇನ್ನೊಬ್ಬನನ್ನು ಒಳ್ಳೆಯವನೆಂದು ಮುದ್ರೆಯೊತ್ತಿ ಬಾಯಿ ಕಟ್ಟಿಸಿದೆ.

ಅಂದು ಅವರು ಹೊರಡುವಾಗ ಕತ್ತಲಾಗಿತ್ತು. ಅವರ ತಪ್ಪನ್ನು ಕ್ಷಮಿಸಿದೆನೆಂದೆ. ನನ್ನ ತಪ್ಪನ್ನು ಕ್ಷಮಿಸಬೇಕಾದವನು ಅಲ್ಲಿರಲಿಲ್ಲ. ಬಹಳ ವರ್ಷಗಳ ಹಿಂದೆ ಮುಂಬಯಿಯಲ್ಲಿ ಒಮ್ಮೆ ಅವನನ್ನು ಕಂಡಿದ್ದರಂತೆ. ಊಟ ಕೊಡಿಸಿದನಂತೆ, ಹಳೆಯ ವಿಷಯವನ್ನು ಎತ್ತಲೇ ಇಲ್ಲವಂತೆ. ಅವರಿಂದ ಅಂದಿನ ವಿಳಾಸವನ್ನು ಪಡೆದು ಕಾಗದ ಬರೆದೆ. ವಿಳಾಸದಾರರು ಇಲ್ಲವೆಂಬ ಒಕ್ಕಣೆಯೊಂದಿಗೆ ಅದು ಮರಳಿ ಬಂತು. ಆ ಲಕೋಟೆ ಈಗಲೂ ನನ್ನ ಪೆಟ್ಟಿಗೆಯಲ್ಲಿದೆ.

ಶಿಕ್ಷಣದ ಹಕ್ಕಿನ ಕಾಯಿದೆ 2009ರಲ್ಲಿ ಬಂದ ಮೇಲೆ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ಕೊಡುವಂತಿಲ್ಲ. ಬೆತ್ತ ಹೋದುದರಿಂದ ಶಿಸ್ತು ಹೋಯಿತೆಂದು ನನ್ನ ಓರಗೆಯವರು ಹೇಳುವುದುಂಟು, ನಾನೂ ಹೇಳಿದ್ದುಂಟು. ಈಗ ಹಾಗೆ ಹೇಳಲಾರೆ. ಆ ಕಾದಂಬರಿಯ ಐವರಲ್ಲಿ ಒಬ್ಬರಿಗಾದರೂ ಮೊದಲನೆಯ ರಾತ್ರಿಯೇ ಹೋಗಿ “ಹೀಗಾಯಿತು” ಎಂದು ಹೇಳಿಕೊಳ್ಳಬಲ್ಲ ಒಬ್ಬ ಹಿರಿಯರಿದ್ದಿದ್ದರೆ ಆ ಅಜ್ಜಿಯ ಪ್ರಾಣವಾದರೂ ಉಳಿಯುತ್ತಿತ್ತು. ನನ್ನ ತರಗತಿಯ ನಲುವತ್ತು ಮಕ್ಕಳಿಗೆ ಅಂಥ ಹಿರಿಯನು ನಾನಾಗಬೇಕಿತ್ತು. ತಪ್ಪು ಮಾಡಿದ ಮಗು ಓಡಿ ಬಂದು ಹೇಳಿಕೊಳ್ಳುವ ಮೊದಲನೆಯ ಸ್ಥಳ ಶಾಲೆಯಾಗಬೇಕು. ಓದು, ಲೆಕ್ಕ, ಪರೀಕ್ಷೆ ಎಲ್ಲ ಆ ಮೇಲಿನವು. ನಮ್ಮ ಶಾಲೆಯಲ್ಲಿ ಇಂದು ಕಲಿಸುತ್ತಿರುವ ತರುಣ ಅಧ್ಯಾಪಕ ಅಧ್ಯಾಪಿಕೆಯರಿಗೆ ಈ ಮುದುಕನ ವಿನಂತಿ ಇದೊಂದೇ.

ಇತ್ತೀಚೆಗೆ ಮಂಗಳೂರಿನ ಹಳೆಯ ಪುಸ್ತಕದ ಅಂಗಡಿಯಲ್ಲಿ ಹುಡುಕಿ ನರಸಿಂಹಯ್ಯನವರ ಕೆಲವು ಕಾದಂಬರಿಗಳನ್ನು ಕೊಂಡು ತಂದೆ. ಹರಿದದ್ದು ಯಾವುದೆಂದು ಹೆಸರು ನೋಡಿರಲಿಲ್ಲವಾದ್ದರಿಂದ ಅವುಗಳಲ್ಲಿ ಅದು ಇದೆಯೋ ಇಲ್ಲವೋ ಹೇಳಲಾರೆ. ಎಲ್ಲವನ್ನೂ ಓದಿದೆ. ಬಳಿಕ ಬೈಂಡು ಹಾಕಿಸಿ, ಮೊಮ್ಮಗಳು ಕೊಟ್ಟ ಇಂಗ್ಲಿಷ್ ಪುಸ್ತಕವನ್ನೂ ಸೇರಿಸಿ, ಶಾಲೆಯ ಗ್ರಂಥಾಲಯಕ್ಕೆ ಒಪ್ಪಿಸಿದ್ದೇನೆ. ಬಾಡಿಗೆ ಇಲ್ಲ. ತರಗತಿಯಲ್ಲಿ ಕದ್ದು ಓದಿದರೂ ಹರಿಯಬಾರದೆಂದು ಗ್ರಂಥಾಲಯದ ಅಧ್ಯಾಪಿಕೆಗೆ ಹೇಳಿದ್ದೇನೆ. ಅವರು ನಕ್ಕು ಒಪ್ಪಿದ್ದಾರೆ.

ಹಳೆ ವಿದ್ಯಾರ್ಥಿಗಳೇ, ಈ ಸಂಚಿಕೆ ನಿಮ್ಮ ಮೂಲಕ ಮುಂಬಯಿ, ಬೆಂಗಳೂರು, ಕೊಲ್ಲಿ ನಾಡುಗಳವರೆಗೆ ಹೋಗಲಿದೆ. ನಿಮ್ಮಲ್ಲಿ ಯಾರಿಗಾದರೂ ಆ ಹುಡುಗನ ಗುರುತು ಹತ್ತಿದರೆ, ಈಗ ಐವತ್ತು ದಾಟಿರುವ ಅವನಿಗೆ ಇಷ್ಟು ತಿಳಿಸಿರಿ: ಬಾಡಿಗೆ ಪುಸ್ತಕದ ಹಣ ಮಾಷ್ಟ್ರು ಕೊಡಬೇಕಾಗಿದೆ, ನಿನ್ನ ಕೈಬರಹ ಬಹಳ ಚೆನ್ನಾಗಿತ್ತೆಂದು ಹೇಳುವುದೂ ಬಾಕಿಯಿದೆ. ಆ ತೋಡಿಗೆ ಈಗ ಸಿಮೆಂಟಿನ ಸೇತುವೆಯಾಗಿದೆ. ನನ್ನ ಮನೆಯವರೆಗೆ ವಾಹನ ಬರುತ್ತದೆ.

ನಮ್ಮ ಶಾಲೆ ನೂರು ವರ್ಷ ಕಾಣಲಿ. ಗಡಿನಾಡಿನ ಈ ಮಣ್ಣಿನಲ್ಲಿ ಕನ್ನಡದ ಮಕ್ಕಳು ನಿರ್ಭಯರಾಗಿ ಓದಲಿ, ನಿರ್ಭಯರಾಗಿ ಮಾತನಾಡಲಿ ಎಂದು ಹಾರೈಸುತ್ತೇನೆ.